ಅಗ್ಗದ ಪ್ರಯಾಣ ಜಾಣರ ಗುಟ್ಟಲ್ಲ

ಕಡಿಮೆ ದುಡ್ಡಿನಲ್ಲಿ ಊರು ಸುತ್ತಲು ಜಾಣತನ ಬೇಕು, ಅದರ ಒಳಗುಟ್ಟು ಬಲ್ಲವರು ಸುತ್ತುತ್ತಾರೆ, ಅರಿಯದವರು ದುಡ್ಡು ಕಳೆದುಕೊಂಡು ಬರುತ್ತಾರೆ ಎಂಬ ನಂಬಿಕೆ ಈಗ ನಮ್ಮ ಪ್ರವಾಸದ ಮಾತುಕತೆಯನ್ನೆಲ್ಲ ಆವರಿಸಿಕೊಂಡಿದೆ. ‘ಮೂರು ಸಾವಿರಕ್ಕೆ ಮೂರು ದಿನ ಹಂಪಿ’, ‘ಯಾರೂ ನೋಡಿರದ ಜಲಪಾತ’, ‘ಹೀಗೆ ಮಾಡಿದರೆ ಅರ್ಧ ಬೆಲೆಗೆ ಕೋಣೆ’ ಎಂಬ ಧಾಟಿಯಲ್ಲೇ ಸಲಹೆಗಳು ಹುಟ್ಟುತ್ತವೆ, ಅದೇ ಧಾಟಿಯಲ್ಲಿ ಹರಡುತ್ತವೆ. ಪ್ಯಾಕೇಜ್ ಟೂರಿನ ಬಸ್ಸು ಹತ್ತದೆ ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುವವರ ಬಗ್ಗೆ ನನಗೆ ಗೌರವವಿದೆ. ಕಂಡುಕೊಂಡದ್ದನ್ನು ಗುರುತು ಪರಿಚಯವಿಲ್ಲದವರಿಗೂ ಹೇಳಿಕೊಡುವ ಅವರ ಗುಣದ ಬಗ್ಗೆ ಇನ್ನೂ ಹೆಚ್ಚಿನ ಗೌರವವಿದೆ. ಆ ಗುಣ ಉಳಿಯಬೇಕು ಎಂಬ ಕಾರಣಕ್ಕೇ ಈ ನಂಬಿಕೆಯನ್ನು ಎದುರಿಸಬೇಕಾಗಿದೆ. ಅಗ್ಗದ ಪ್ರಯಾಣ ಒಬ್ಬೊಬ್ಬರ ಜಾಣತನದಿಂದ ಸಾಧ್ಯವಾದದ್ದಲ್ಲ. ಎಲ್ಲರಿಗಾಗಿ ಯಾರೋ ಕಟ್ಟಿದ, ಎಲ್ಲರ ದುಡ್ಡಿನಲ್ಲಿ ನಡೆಯುವ ಬಸ್ಸು, ರೈಲು, ಛತ್ರ, ವಸತಿಗೃಹಗಳಿಂದ ಸಾಧ್ಯವಾದದ್ದು. ಇದನ್ನು ಮರೆತು ಕೊಡುವ ಸಲಹೆ ಕೊನೆಗೆ ಅಗ್ಗದ ಪ್ರಯಾಣದ ಬುಡಕ್ಕೇ ಕೊಡಲಿಯಾಗುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ಪ್ರಯಾಣಕ್ಕೆ ತಗಲುವ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ಪ್ರಯಾಣಿಕರಿಂದ ವಸೂಲಾಗುತ್ತದೆ ಎಂಬ ಅರ್ಥದ ಸಾಲೊಂದನ್ನು ಭಾರತೀಯ ರೈಲ್ವೆ 2016ರಲ್ಲಿ ತನ್ನ ಟಿಕೆಟ್ಟುಗಳ ಮೇಲೆ ಅಚ್ಚುಹಾಕತೊಡಗಿತು. ಉಳಿದದ್ದನ್ನು ಬಹುಮಟ್ಟಿಗೆ ಕಲ್ಲಿದ್ದಲು, ಅದಿರು, ಸಿಮೆಂಟು ಹೊರುವ ಸರಕು ಗಾಡಿಗಳ ಆದಾಯ ತುಂಬಿಕೊಡುತ್ತದೆ. ಅಂದರೆ ಸ್ಲೀಪರ್ ಬೋಗಿಯಲ್ಲಿ ಮಲಗಿ ದೂರದೂರಿಗೆ ಹೋಗುವವನ ಉಳಿತಾಯದಲ್ಲಿ ಅವನು ಎಂದೂ ಕಾಣದ ಜನರ ಪಾಲಿದೆ. ಬಸ್ಸಿನ ಕತೆಯೂ ಬೇರೆಯಲ್ಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಗಿ, 1961ರಲ್ಲಿ ನಿಗಮವಾಗಿ, ಲಾಭ ಬಾರದ ಹಳ್ಳಿದಾರಿಗೂ ಬಸ್ಸು ಬಿಟ್ಟದ್ದರಿಂದಲೇ ಇವತ್ತು ಮಲೆನಾಡಿನ ಮೂಲೆಯ ಊರಿಗೆ ಬಾಡಿಗೆ ಕಾರಿಲ್ಲದೆ ಹೋಗಿಬರಬಹುದು. ಮಂಗಳೂರಿನಿಂದ ಗೋವಾದತ್ತ ಕರಾವಳಿಯಲ್ಲಿ ಮೊದಲು ನೇರ ರೈಲು ಇರಲಿಲ್ಲ. ಹೊಳೆಗಳು ಅಡ್ಡಗಟ್ಟಿದ ಆ ದಾರಿಯಲ್ಲಿ ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದುಕೊಂಡಿತು. ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ, ಕಾರವಾರಗಳನ್ನು ಕಡಿಮೆ ಖರ್ಚಿನಲ್ಲಿ ಒಂದೇ ಎಳೆಯಲ್ಲಿ ನೋಡಬಹುದು ಎಂಬ ಇಂದಿನ ಸಲಹೆಯ ಹಿಂದೆ ಬೆಟ್ಟ ಕೊರೆದವರ, ಸೇತುವೆ ಕಟ್ಟಿದವರ ವರ್ಷಗಟ್ಟಲೆಯ ದುಡಿಮೆಯಿದೆ. ಸಲಹೆ ಕೊಡುವವರ ಉಪಾಯ ಅಲ್ಲಿ ಬಹಳ ಚಿಕ್ಕ ಭಾಗ.

ಹಾಗೆಂದು ಮಾಹಿತಿಗೆ ಬೆಲೆಯಿಲ್ಲ ಎಂದಲ್ಲ. ಸಾರ್ವಜನಿಕ ವ್ಯವಸ್ಥೆಯೊಳಗೇ ಎಷ್ಟೋ ಅನುಕೂಲಗಳು ಯಾರ ಕಣ್ಣಿಗೂ ಬೀಳದೆ ಉಳಿದಿವೆ. ಅವನ್ನು ಜನರಿಗೆ ಮುಟ್ಟಿಸುವುದು ದೊಡ್ಡ ಕೆಲಸ. 500 ಕಿ.ಮೀ. ಮೀರಿದ ರೈಲು ಟಿಕೆಟ್ಟಿನಲ್ಲಿ, ಮೊದಲ 500 ಕಿ.ಮೀ. ಕ್ರಮಿಸಿದ ಮೇಲೆ, ನಡುವಿನ ಒಂದು ಊರಿನಲ್ಲಿ ಇಳಿದು ಎರಡು ದಿನ ತಂಗಿ ಪ್ರಯಾಣ ಮುಂದುವರಿಸಬಹುದು. ದೂರ 1,000 ಕಿ.ಮೀ. ದಾಟಿದರೆ ಎರಡು ಕಡೆ ಇಳಿಯಬಹುದು. ಇಳಿದ ನಿಲ್ದಾಣದಲ್ಲಿ ಟಿಕೆಟ್ಟಿನ ಮೇಲೆ ರೈಲ್ವೆ ಸಿಬ್ಬಂದಿಯಿಂದ ಬರೆಸಿಕೊಳ್ಳಬೇಕು. ಸೀಟು ಕಾಯ್ದಿರಿಸುವುದಾದರೆ ಇಳಿಯುವ ಊರನ್ನು ಕೌಂಟರಿನಲ್ಲಿ ಮೊದಲೇ ಹೇಳಬೇಕು. ರಾಜಧಾನಿಯಂಥ ಗಾಡಿಗಳಿಗೆ ಇದು ಅನ್ವಯಿಸದು. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುವುದರಿಂದ ತುಂಡು ತುಂಡು ಟಿಕೆಟ್ಟಿಗಿಂತ ಒಂದೇ ಉದ್ದ ಟಿಕೆಟ್ಟು ಕಡಿಮೆಗೆ ಸಿಗುತ್ತದೆ. ವರ್ತುಲ ಪ್ರಯಾಣದ ಟಿಕೆಟ್ಟಂತೂ ಇನ್ನೂ ಉಪಯುಕ್ತ. ಮೈಸೂರಿನಿಂದ ಹೊರಟು ಬೆಂಗಳೂರು, ಚೆನ್ನೈ, ಮದುರೆ, ಕನ್ಯಾಕುಮಾರಿ, ತಿರುವನಂತಪುರ, ಎರ್ನಾಕುಲಂ, ಮಂಗಳೂರು ಮುಟ್ಟಿ ಸಕಲೇಶಪುರ ಘಾಟಿ ಹತ್ತಿ ಹಾಸನದ ಮೇಲೆ ಮೈಸೂರಿಗೇ ಮರಳುವ ಸುತ್ತನ್ನು ಒಂದೇ ಟಿಕೆಟ್ಟಿನಲ್ಲಿ ಮಾಡಬಹುದು. ಒಟ್ಟು ದೂರದ ಅರ್ಧರ್ಧವನ್ನು ಒಂದೊಂದು ಪ್ರಯಾಣವೆಂದು ಹಿಡಿದು ದರ ಹಾಕುತ್ತಾರೆ, ಎಂಟು ಕಡೆಯವರೆಗೆ ಇಳಿಯಲು ಬಿಡುತ್ತಾರೆ. ಇದು ಫೋನಿನಲ್ಲಿ ಬುಕ್ ಆಗುವಂಥದ್ದಲ್ಲ. ದೊಡ್ಡ ನಿಲ್ದಾಣದಲ್ಲಿ ಪ್ರಯಾಣದ ಪಟ್ಟಿ ಕೊಟ್ಟು ಅರ್ಜಿ ಹಾಕಬೇಕು. ಈ ಅನುಕೂಲ ಗುಟ್ಟಲ್ಲ, ನಿಯಮ. ನಾಳೆ ಲಕ್ಷ ಜನ ತಿಳಿದುಕೊಂಡರೂ ಇಂದು ತಿಳಿದವನಿಗೆ ನಷ್ಟವಿಲ್ಲ.

ಸಲಹೆಯನ್ನು ಒರೆಗೆ ಹಚ್ಚಲು ಬೇಕಾದ ಕಲ್ಲು ಇಲ್ಲೇ ಸಿಗುತ್ತದೆ. ಒಂದು ಸಲಹೆಯನ್ನು ಎಲ್ಲರೂ ಪಾಲಿಸಿದರೆ ಅದು ನಿಜವಾಗಿಯೇ ಉಳಿಯುತ್ತದೆಯೇ? ಉಳಿದರೆ ಅದು ಹಂಚಲು ತಕ್ಕದ್ದು. ಎಲ್ಲರೂ ಪಾಲಿಸಿದ ಕೂಡಲೇ ಸುಳ್ಳಾಗುವ, ಇಲ್ಲವೇ ಇನ್ನೊಬ್ಬರ ಪಾಲನ್ನು ಕಿತ್ತುಕೊಂಡರೆ ಮಾತ್ರ ಫಲಿಸುವ ಸಲಹೆ ಜ್ಞಾನವಲ್ಲ, ಬರಿಯ ಮುನ್ನುಗ್ಗಾಟ. ತತ್ಕಾಲ್ ಟಿಕೆಟ್ಟನ್ನು ಕ್ಷಣಾರ್ಧದಲ್ಲಿ ಹಿಡಿಯುವ ಉಪಾಯಗಳನ್ನು ನೋಡಿ. ಎಸಿ ಬೋಗಿಗೆ ಬೆಳಿಗ್ಗೆ ಹತ್ತಕ್ಕೆ, ಉಳಿದವಕ್ಕೆ ಹನ್ನೊಂದಕ್ಕೆ ತೆರೆಯುವ ಆ ಕೋಟಾದಲ್ಲಿ ಇರುವ ಸೀಟುಗಳು ಇಷ್ಟೇ. ಎಲ್ಲರ ಬೆರಳೂ ಚುರುಕಾದರೆ ಸೀಟು ಹೆಚ್ಚುವುದಿಲ್ಲ, ಸೋಲುವವರು ಬದಲಾಗುತ್ತಾರೆ ಅಷ್ಟೇ. ಈ ಓಟ ಎಷ್ಟು ಕೆಟ್ಟಿತೆಂದರೆ 2025ರ ಜುಲೈ 1ರಿಂದ ಆಧಾರ್ ದೃಢೀಕರಿಸಿಕೊಂಡವರು ಮಾತ್ರ ಆನ್‌ಲೈನ್‌ನಲ್ಲಿ ತತ್ಕಾಲ್ ಟಿಕೆಟ್ ಕೊಳ್ಳಬಹುದೆಂದು ನಿಯಮ ಮಾಡಬೇಕಾಯಿತು. ‘ನಾಲ್ಕು ತಿಂಗಳ ಮೊದಲೇ ಸೀಟು ಹಿಡಿದಿಡಿ, ಬೇಡವಾದರೆ ರದ್ದು ಮಾಡಿ’ ಎಂಬುದು ಇನ್ನೊಂದು ಹಳೆಯ ಸಲಹೆ. 61ರಿಂದ 120 ದಿನ ಮುಂಚೆ ಕಾಯ್ದಿರಿಸಿದ ಟಿಕೆಟ್ಟುಗಳಲ್ಲಿ ಸುಮಾರು ಶೇ 21ರಷ್ಟು ರದ್ದಾಗುತ್ತಿದ್ದವು ಎಂದು ರೈಲ್ವೆಯೇ ಹೇಳಿ, 2024ರ ನವೆಂಬರ್ 1ರಿಂದ ಮುಂಗಡದ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿತು. ನಿಜವಾಗಿ ಮೊದಲೇ ಯೋಜನೆ ಹಾಕಿಕೊಳ್ಳುತ್ತಿದ್ದ ಕುಟುಂಬಕ್ಕೆ ಇದ್ದ ಅನುಕೂಲ ಹೀಗೆ ಅರ್ಧವಾಯಿತು.

ಸ್ಥಳಗಳ ವಿಷಯದಲ್ಲಿ ಈ ಒರೆಗಲ್ಲು ಇನ್ನೂ ಕಟುವಾದ ಸತ್ಯ ಹೇಳುತ್ತದೆ. ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆ ಅಗ್ಗದ ಪ್ರವಾಸಿಗರ ಸ್ವರ್ಗವೆಂದು ವರ್ಷಗಟ್ಟಲೆ ಬಾಯಿಂದ ಬಾಯಿಗೆ ಹರಡಿತು. ತುಂಗಭದ್ರೆಯನ್ನು ದೋಣಿಯಲ್ಲಿ ದಾಟಿದರೆ ಭತ್ತದ ಗದ್ದೆ, ಬಂಡೆಗುಡ್ಡ, ಕಡಿಮೆ ದರದ ಗುಡಿಸಲು, ನಿಧಾನದ ದಿನಗಳು. ಸಲಹೆ ಹರಡಿದಂತೆ ಗುಡಿಸಲುಗಳು ರೆಸಾರ್ಟುಗಳಾದವು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿದ್ದ ಹಂಪಿಯ ಸಂರಕ್ಷಿತ ವ್ಯಾಪ್ತಿಯೊಳಗೆ ಅವು ಅನಧಿಕೃತ ಕಟ್ಟಡಗಳಾಗಿದ್ದವು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರ ಫೆಬ್ರುವರಿಯಲ್ಲಿ ತೆರವಿನ ಪರವಾಗಿ ತೀರ್ಪು ಬಂತು; ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಅಲ್ಲಿ ತಂಗಿ ಹೋದವರು ಯಾರೂ ಆ ನಷ್ಟ ಹೊರಲಿಲ್ಲ. ಸಾಲ ಮಾಡಿ ಗುಡಿಸಲು ಕಟ್ಟಿದವರು, ಅಡುಗೆಗೆ, ಸ್ವಚ್ಛತೆಗೆ, ದೋಣಿಗೆ ದುಡಿಯುತ್ತಿದ್ದ ಸುತ್ತಲ ಊರಿನವರು ಹೊತ್ತರು. ತಪ್ಪು ಬರಿಯ ಪ್ರವಾಸಿಗನದೆಂದು ನಾನು ಹೇಳುತ್ತಿಲ್ಲ. ಕಟ್ಟಲು ಬಿಟ್ಟ ಆಡಳಿತದ ಹೊಣೆ ಅದಕ್ಕಿಂತ ದೊಡ್ಡದು. ಆದರೆ ಅಗ್ಗ ಎಂಬ ಒಂದೇ ಗುಣವನ್ನು ಹೊಗಳಿದ ಅಷ್ಟೂ ಸಲಹೆಗಳಲ್ಲಿ ‘ಈ ಜಾಗಕ್ಕೆ ಪರವಾನಗಿ ಇದೆಯೇ?’ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. ಬೆಲೆ ಯಾಕೆ ಕಡಿಮೆ ಎಂದು ಕೇಳದ ಸಲಹೆ ಅರ್ಧ ಸಲಹೆ.

ಇದನ್ನು ನೋಡಿ ಇನ್ನೊಂದು ತುದಿಗೆ ಹೋಗಿ, ಒಳ್ಳೆಯ ಜಾಗಗಳ ಹೆಸರನ್ನು ಯಾರಿಗೂ ಹೇಳಲೇಬಾರದು ಎನ್ನುವವರಿದ್ದಾರೆ. ಅವರ ಕಾಳಜಿ ನಿಜ. ಅವರ ಮದ್ದು ತಪ್ಪು. ಮುಚ್ಚಿಟ್ಟ ಜಾಗ ಮೊದಲೇ ತಿಳಿದವರ, ಕಾರು ಇದ್ದವರ, ಪರಿಚಯ ಇದ್ದವರ ಸ್ವತ್ತಾಗುತ್ತದೆ. ಹೊಸದಾಗಿ ಹೊರಡುವ ಬಡ ವಿದ್ಯಾರ್ಥಿ ಹೊರಗೇ ಉಳಿಯುತ್ತಾನೆ. ಕುಮಾರ ಪರ್ವತದ ಉದಾಹರಣೆ ಬೇರೆ ದಾರಿ ತೋರಿಸುತ್ತದೆ. 2024ರ ಜನವರಿಯ ರಜೆಯಲ್ಲಿ ಪುಷ್ಪಗಿರಿ ಅಭಯಾರಣ್ಯದ ಆ ಹಾದಿಯಲ್ಲಿ ಜನ ಜಾತ್ರೆಯಂತೆ ಕಿಕ್ಕಿರಿದ ಚಿತ್ರಗಳು ಎಲ್ಲೆಡೆ ಹರಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಸೂಚಿಸಿದರು. ಅದೇ ವರ್ಷ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ನೋಂದಣಿಯೂ, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿಯೂ ಬಂದವು. ಈಗ ಕುಮಾರ ಪರ್ವತದ ಬಗ್ಗೆ ಎಷ್ಟು ಜನರಿಗೆ ಹೇಳಿದರೂ ಒಂದು ದಿನ ಹತ್ತುವವರು ಅಷ್ಟೇ. ಶುಲ್ಕ ಎಲ್ಲರಿಗೂ ಒಂದೇ, ಸರದಿ ಎಲ್ಲರಿಗೂ ಒಂದೇ. ಮಿತಿ ಇದ್ದುದರಿಂದ ಹಂಚಿಕೆ ನಿರಪಾಯವಾಯಿತು. ಕಾಡಿನ ಮಟ್ಟಿಗೆ ಒಳ್ಳೆಯ ಸಲಹೆ ಎಂದರೆ ಗೇಟಿನ ಪಕ್ಕದ ಕಳ್ಳದಾರಿಯ ವಿವರ ಅಲ್ಲ. ನೋಂದಣಿ ಯಾವಾಗ ತೆರೆಯುತ್ತದೆ, ವಾರದ ಯಾವ ದಿನ ಜನ ಕಡಿಮೆ, ತಪ್ಪಲಿನ ಊರಿಗೆ ಬಸ್ಸು ಎಷ್ಟಕ್ಕೆ ಎಂಬ ವಿವರ. ಮಿತಿ ಇನ್ನೂ ಬಾರದ ಜಾಗಕ್ಕೆ ಮಿತಿ ಬರಲಿ ಎಂದು ಕೇಳುವುದೂ ಬಲ್ಲವರ ಕೆಲಸವೇ.

ಇನ್ನು ಬೆಲೆಯ ಹೆಮ್ಮೆಗೆ ಬರೋಣ. ‘ನಾನು ಇಷ್ಟರಲ್ಲಿ ಮುಗಿಸಿದೆ’ ಎಂಬ ಒಟ್ಟು ಮೊತ್ತ ಓದುವವರಿಗೆ ಏನನ್ನೂ ಕಲಿಸುವುದಿಲ್ಲ. ಕೋಣೆಯನ್ನು ಎಷ್ಟು ಜನ ಹಂಚಿಕೊಂಡರು, ವಾರದ ದಿನವೋ ರಜೆಯೋ, ಮಳೆಗಾಲವೋ ಅಲ್ಲವೋ, ಊಟ ಯಾರ ಮನೆಯದು ಎಂಬುದೆಲ್ಲ ಆ ಮೊತ್ತದೊಳಗೆ ಮುಚ್ಚಿಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಆಟೋದವರಿಂದ, ಹೋಂಸ್ಟೇಯ ಒಡತಿಯಿಂದ, ದಾರಿಬದಿಯ ವ್ಯಾಪಾರಿಯಿಂದ ಎಷ್ಟು ಕಡಿತ ಮಾಡಿಸಿದೆ ಎಂಬುದನ್ನೇ ಕೌಶಲವೆಂದು ಕಲಿಸುವುದು. ಊರಿನ ದರಕ್ಕಿಂತ ಹೆಚ್ಚು ಕೇಳಿದರೆ ಬೇಡವೆನ್ನುವುದು ಸರಿ. ಆ ಊರಿನ ನಡೆಯುವ ದರ ಎಷ್ಟೆಂದು ಹೇಳುವ ಸಲಹೆ ಬಹಳ ಒಳ್ಳೆಯದು, ಏಕೆಂದರೆ ಅದು ಎರಡೂ ಕಡೆ ನ್ಯಾಯವಾಗಿರುತ್ತದೆ. ಆದರೆ ಸುಗ್ಗಿ ಮುಗಿದ ಕಾಲದಲ್ಲಿ ಕೋಣೆ ಖಾಲಿ ಬಿದ್ದಿರುವವರ ಒತ್ತಡವನ್ನು ಹಿಂಡುವುದು ಉಳಿತಾಯ ಅಲ್ಲ, ಖರ್ಚನ್ನು ಬಲವಿಲ್ಲದವರ ಮೇಲೆ ದೂಡುವುದು. ಬೆಲೆಯನ್ನು ನಿಜವಾಗಿ ಏರಿಳಿಸುವ ಕೈಗಳು ಬೇರೆ ಕಡೆ ಇವೆ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ವ್ಯಾಪ್ತಿಯ ಲಾಡ್ಜಿನ 900 ರೂಪಾಯಿಯ ಕೋಣೆಗೆ ಒಂದು ರಾತ್ರಿಗೆ 108 ರೂಪಾಯಿ ಸೇರಿದ್ದೂ, ಅದು ಮತ್ತೆ 45ಕ್ಕೆ ಬಂದದ್ದೂ ಯಾರ ಚೌಕಾಸಿಯಿಂದಲೂ ಅಲ್ಲ. ಅಗ್ಗದ ಪ್ರಯಾಣವನ್ನು ಪ್ರೀತಿಸುವವರ ಮಾತು ಇಂಥ ತೀರ್ಮಾನಗಳ ಸುತ್ತ ಬೆಳೆಯಬೇಕು.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ದಾರಿಯಲ್ಲಿ ಅರವಟ್ಟಿಗೆ ಇಡಿಸಿದ್ದನ್ನು, ಛತ್ರಕ್ಕೆ ಭೂಮಿ ಬಿಟ್ಟದ್ದನ್ನು ಕನ್ನಡ ಶಾಸನಗಳು ದೊಡ್ಡ ಪುಣ್ಯವೆಂದು ದಾಖಲಿಸಿವೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು 1903ರಲ್ಲಿ ಛತ್ರ ತೆರೆದದ್ದು ನಗರಕ್ಕೆ ಬರುವ ಪರಸ್ಥಳದವರು ರಾತ್ರಿ ಕಳೆಯಲು ಸೂರಿಲ್ಲದೆ ಪರದಾಡಬಾರದೆಂದು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ಕಾಶಿಗೆ ಹೊರಟು ಮುಂದಿನ ವರ್ಷ ಮರಳಿದರು. 1838ರಲ್ಲಿ ತೆಲುಗಿನಲ್ಲಿ ಅಚ್ಚಾದ ಅವರ ಕಾಶೀಯಾತ್ರೆಯ ಪುಸ್ತಕದಲ್ಲಿ ಯಾವ ಊರಿನಲ್ಲಿ ಅಂಗಡಿಯಿದೆ, ಎಲ್ಲಿ ನೀರು ಚೆನ್ನಾಗಿದೆ, ಎಲ್ಲಿ ಛತ್ರವಿದೆ, ದಾರಿ ಹೇಗಿದೆ ಎಂಬುದೆಲ್ಲ ಊರೂರಿಗೂ ಬರುತ್ತದೆ. ಅವರು ದೊಡ್ಡ ಪರಿವಾರದೊಂದಿಗೆ ಹೋದ ಸ್ಥಿತಿವಂತರು. ಆದರೂ ಬರೆದದ್ದು ಹಿಂದೆ ಬರುವ ಯಾವ ಯಾತ್ರಿಕನಿಗೂ ಉಪಯೋಗಕ್ಕೆ ಬರುವಂಥದ್ದು. ಜರ್ಮನಿಯಲ್ಲೂ ಹೀಗೆಯೇ ಆಯಿತು. 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದ ಶಿಕ್ಷಕ ರಿಚರ್ಡ್ ಶಿರ್ಮಾನ್ ಬಿರುಮಳೆಗೆ ಸಿಕ್ಕಿ ಒಂದು ಶಾಲೆಯಲ್ಲಿ ರಾತ್ರಿ ತಂಗಿದಾಗ, ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೆಲ್ಲ ಯುವಕರ ತಂಗುದಾಣ ಮಾಡಬಹುದಲ್ಲ ಎಂದು ಯೋಚಿಸಿದರು. ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಅಲ್ಲಿಂದ. ತನಗೆ ಒಂದು ರಾತ್ರಿಗೆ ಸಿಕ್ಕ ಸೂರನ್ನು ಎಲ್ಲರಿಗೂ ಸಿಗುವಂತೆ ಮಾಡಿದ್ದೇ ಅವರ ಹಿರಿಮೆ. ಧರ್ಮಸ್ಥಳ, ಹೊರನಾಡುಗಳ ಅನ್ನದಾಸೋಹವೂ ಎಷ್ಟು ಜನ ಬಂದರೂ ಬಡಿಸುವಂತೆ ಕಟ್ಟಿದ ವ್ಯವಸ್ಥೆ. ಅಲ್ಲಿ ಉಂಡು ಹೋಗುವುದರಲ್ಲಿ ಸಂಕೋಚ ಬೇಡ. ಅದನ್ನು ತನ್ನ ಉಪಾಯದ ಗಳಿಕೆಯೆಂದು ಎಣಿಸಿಕೊಳ್ಳುವುದಷ್ಟೇ ತಪ್ಪು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಸಾರ್ವಜನಿಕ ವ್ಯವಸ್ಥೆ ಚೆನ್ನಾಗಿದ್ದರೆ ಉಪಾಯ ಯಾಕೆ ಬೇಕಿತ್ತು? ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ, ತಾಲ್ಲೂಕು ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ಮಾಸಿಹೋಗಿದೆ, ಶೌಚಾಲಯ ಬಳಸುವಂತಿಲ್ಲ. ಇದೆಲ್ಲ ನಿಜ. ಆದರೆ ಇದರಿಂದ ಉಪಾಯವೇ ಉತ್ತರ ಎಂದು ತೀರ್ಮಾನಿಸಿದರೆ ರೋಗ ಬಲಿಯುತ್ತದೆ. ಕೇಳಿ ಪಡೆಯುವ ಧ್ವನಿ ಇದ್ದವರು ಒಬ್ಬೊಬ್ಬರಾಗಿ ತಮ್ಮ ದಾರಿ ನೋಡಿಕೊಂಡು ಹೊರಬಿದ್ದ ವ್ಯವಸ್ಥೆ ಬೇಗ ಸೊರಗುತ್ತದೆ. ಮಲೆನಾಡಿನ ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. ಮುಚ್ಚಿಹೋಗುತ್ತಿದ್ದ ಖಾಸಗಿ ಕಂಪನಿಯ ಬಸ್ಸುಗಳನ್ನು ಅದರ ಕಾರ್ಮಿಕರೇ ವಹಿಸಿಕೊಂಡು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕ ಆ ಘಟ್ಟದ ಊರುಗಳನ್ನು ಬೆಸೆಯಿತು. 2020ರಲ್ಲಿ ಅದು ನಿಂತುಹೋಯಿತು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಕಡೆ ಬಸ್ಸಿನಲ್ಲೇ ತಿರುಗಿ ನೋಡುವ ಯೋಜನೆ ಹಾಕುವವರಿಗೆ ಆ ಒಂದು ಸಂಸ್ಥೆ ನಿಂತದ್ದರಿಂದ ಆದ ನಷ್ಟವನ್ನು ಯಾವ ಉಪಾಯವೂ ತುಂಬಲಾರದು. ಬಸ್ಸಿಲ್ಲದ ದಾರಿಯಲ್ಲಿ ಉಳಿಯುವುದು ಬಾಡಿಗೆ ಜೀಪು, ಸ್ವಂತ ಬೈಕು. ಎರಡೂ ದುಡ್ಡಿದ್ದವರ ದಾರಿ. ವ್ಯವಸ್ಥೆ ಕೆಟ್ಟಿದೆ ಎಂಬುದು ಅದನ್ನು ಬಿಡಲು ಕಾರಣವಲ್ಲ, ಅದನ್ನು ಬಳಸಿ, ಕುಂದುಕೊರತೆ ಬರೆದು, ಸರಿಪಡಿಸಿ ಎಂದು ಒತ್ತಾಯಿಸಲು ಕಾರಣ.

ಎರಡನೆಯ ಆಕ್ಷೇಪ ತೆರಿಗೆದಾರರ ಪರವಾಗಿ ಬರುತ್ತದೆ. ಒಬ್ಬರು ಊರು ಸುತ್ತುವ ಖುಷಿಗೆ ಮಿಕ್ಕವರು ಯಾಕೆ ದುಡ್ಡು ಕೊಡಬೇಕು? ಈ ಪ್ರಶ್ನೆಯಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ಹೊಸಪೇಟೆಯಿಂದ ಸುಮಾರು 13 ಕಿ.ಮೀ. ದೂರದ ಹಂಪಿಗೆ ಹೋಗುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಪ್ರವಾಸಿಗನಿಗೆಂದೇ ಓಡುವುದಲ್ಲ. ಶಾಲೆ ಕಾಲೇಜಿನ ಮಕ್ಕಳು, ಕೂಲಿಯವರು, ಪೇಟೆಯಿಂದ ಸಾಮಾನು ಹೊತ್ತು ಮರಳುವವರು ಅದರ ನಿತ್ಯದ ಪ್ರಯಾಣಿಕರು. ಪ್ರವಾಸಿ ಅದೇ ಬಸ್ಸಿನಲ್ಲಿ ಕೂತಾಗ ಆ ಬಸ್ಸಿಗೆ ಟಿಕೆಟ್ಟಿನ ಹಣ ಸೇರುತ್ತದೆ, ಆ ಮಾರ್ಗ ಉಳಿಯಲು ಇನ್ನೊಂದು ಕಾರಣ ಸಿಗುತ್ತದೆ. ಹಂಪಿಯ ಬೀದಿಗೆ ಒಂದು ಕಾರು ಕಡಿಮೆಯಾಗುತ್ತದೆ. ಇನ್ನು, ಊರು ನೋಡುವುದು ಉಳ್ಳವರ ಶೋಕಿ ಎಂಬ ಭಾವನೆಗೆ ಶಕ್ತಿ ಯೋಜನೆ ಕೊಟ್ಟ ಉತ್ತರ ದೊಡ್ಡದು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತವಾದಾಗ ಮೊದಲ ವಾರಗಳಲ್ಲೇ ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯಗಳ ದಾರಿಯ ಬಸ್ಸುಗಳು ತುಂಬಿ ತುಳುಕಿದವು. 2025ರ ಜುಲೈಗೆ ಉಚಿತ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ದಾಟಿತು. ಅವುಗಳಲ್ಲಿ ಹೆಚ್ಚಿನವು ಕೆಲಸದ ಓಡಾಟಗಳೇ ಇರಬಹುದು. ಆದರೆ ನೋಡಬೇಕೆಂಬ ಆಸೆ ಎಷ್ಟು ಮನೆಗಳಲ್ಲಿ ಬಸ್ ಚಾರ್ಜಿಗೆ ಸೋತು ಕೂತಿತ್ತು ಎಂಬುದು ಆ ಬಸ್ಸುಗಳಲ್ಲಿ ಕಂಡಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಪಿಂಚಣಿಯಲ್ಲಿ ಬದುಕುವ ದಂಪತಿಯ ಕಾಶಿಯಾತ್ರೆಗೆ ಆದ ಆ ನಷ್ಟವನ್ನು ಯಾವ ಒಳಗುಟ್ಟು ಭರ್ತಿ ಮಾಡೀತು?

ಮೂರನೆಯ ಆಕ್ಷೇಪ ಸುರಕ್ಷತೆಯದು, ಮುಖ್ಯವಾಗಿ ಒಂಟಿಯಾಗಿ ಹೊರಡುವ ಹೆಂಗಸರದು. ಅವರಿಗೆ ಎಚ್ಚರಿಕೆ, ಉಪಾಯಗಳೇ ರಕ್ಷೆ ಅಲ್ಲವೇ ಎನ್ನುತ್ತಾರೆ. ಅದಾಗದವರು ಪ್ಯಾಕೇಜ್ ಟೂರಿಗೇ ಹೋಗಲಿ ಎಂದೂ ಸೇರಿಸುತ್ತಾರೆ. ಎಚ್ಚರಿಕೆ ಬೇಡವೆಂದು ಯಾರೂ ಹೇಳರು. ಆದರೆ ಸುರಕ್ಷತೆಯ ಭಾರವನ್ನೆಲ್ಲ ಒಬ್ಬ ಪ್ರಯಾಣಿಕಳ ಜಾಣತನದ ಮೇಲೆ ಹೊರಿಸುವುದು, ಏನಾದರೂ ಆದಾಗ ಅವಳ ಜಾಣತನ ಸಾಲದಾಯಿತು ಎಂದು ದೂರುವುದಕ್ಕೆ ದಾರಿ ಮಾಡಿಕೊಡುತ್ತದೆ. ಅವಳಿಗೆ ನಿಜವಾಗಿ ಬೇಕಾದ ಮಾಹಿತಿ ಯಾವುದು? ಕತ್ತಲಾದ ಮೇಲೆ ಬಸ್ ನಿಲ್ದಾಣದಲ್ಲಿ ದೀಪ, ಜನ, ಸಾರಿಗೆ ನಿಯಂತ್ರಕರು ಇರುತ್ತಾರೆಯೇ. ಕೊನೆಯ ಬಸ್ಸು ಎಷ್ಟಕ್ಕೆ. ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಯೋ ಡಾರ್ಮಿಟರಿಯೋ ಇದೆಯೇ, ಟಿಕೆಟ್ಟಿನ ಪಿಎನ್‌ಆರ್ ಕೊಟ್ಟು ಅದನ್ನು ಮೊದಲೇ ಹಿಡಿಯಬಹುದೇ. ಮಧ್ಯರಾತ್ರಿ ತಲುಪುವ ಗಾಡಿಗಿಂತ ಬೆಳಿಗ್ಗೆ ತಲುಪುವ ಗಾಡಿ ಯಾವುದು. ಇವೆಲ್ಲ ಸಾರ್ವಜನಿಕ ಸೌಕರ್ಯದ ವಿವರಗಳು. ಒಬ್ಬಳಿಗೆ ನೆರವಾದದ್ದು ಹತ್ತು ಸಾವಿರ ಜನರಿಗೂ ನೆರವಾಗುತ್ತದೆ. ಪ್ಯಾಕೇಜ್ ಟೂರಿನವರು ಮಾರುವುದೂ ಬಹುಪಾಲು ಈ ವಿವರಗಳನ್ನೇ. ಅವು ಬಹಿರಂಗವಾಗಿ, ಸರಿಯಾಗಿ, ಕನ್ನಡದಲ್ಲಿ ಸಿಗುವಂತಾದರೆ ಭಯದಿಂದ ಮಾತ್ರ ಪ್ಯಾಕೇಜು ಕೊಳ್ಳುತ್ತಿರುವ ಎಷ್ಟೋ ಜನ ತಾವೇ ಹೊರಟಾರು.

ಹಾಗಾದರೆ ಪ್ರಯಾಣಿಕನ ಕೌಶಲಕ್ಕೆ ಎಡೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ಅದು ಯೋಜನೆಯ ಕೌಶಲ, ಒಬ್ಬರನ್ನು ಹಿಂದೆ ಹಾಕುವ ಕೌಶಲ ಅಲ್ಲ. ಹಂಪಿಯನ್ನೇ ತೆಗೆದುಕೊಳ್ಳಿ. ರಾತ್ರಿ ರೈಲಿನಲ್ಲಿ ಹೊಸಪೇಟೆ ಸೇರಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. ಹೊಸಪೇಟೆಯಲ್ಲೇ ತಂಗಿದರೆ ಲಾಡ್ಜುಗಳ ಆಯ್ಕೆ ಹೆಚ್ಚು. ವಿಜಯ ವಿಠ್ಠಲ ದೇವಾಲಯದಲ್ಲಿ ಕೊಂಡ ಪುರಾತತ್ವ ಇಲಾಖೆಯ ಟಿಕೆಟ್ಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುವುದರಿಂದ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳುವುದು ಮೇಲು. ಬೇಸಿಗೆಯ ಬಂಡೆಬಿಸಿಲಿನಲ್ಲಿ ನಡುಹಗಲು ನಡೆಯುವುದು ಆಗದ ಮಾತು, ಹಾಗಾಗಿ ಬೆಳಗಿನ ಮೊದಲ ಬಸ್ಸನ್ನೇ ನೆಚ್ಚಬೇಕು. ಪ್ರತಿಯೊಂದೂ ದುಡ್ಡು ಉಳಿಸುತ್ತದೆ, ಯಾವುದೂ ಇನ್ನೊಬ್ಬರ ಪಾಲನ್ನು ಕಸಿಯುವುದಿಲ್ಲ. ಇಂಥ ಯೋಜನೆಗೆ ತಾಳ್ಮೆ ಬೇಕು, ನಕ್ಷೆ ಓದಬೇಕು, ವೇಳಾಪಟ್ಟಿ ಹೊಂದಿಸಬೇಕು. ನಾನು ವಿರೋಧಿಸುವುದು ಈ ದುಡಿಮೆಯನ್ನಲ್ಲ. ಇದರ ಜಾಗದಲ್ಲಿ ಅಡ್ಡದಾರಿಯನ್ನು ಕೂರಿಸಿ ಅದಕ್ಕೆ ಜಾಣತನದ ಪಟ್ಟ ಕಟ್ಟುವುದನ್ನು.

ಆದ್ದರಿಂದ ಹಂಚುವವರ ಮುಂದೆ ಒಂದು ಬೇರೆ ಕಟ್ಟುಪಾಡು ಇಡಬೇಕು. ಸಲಹೆಗೆ ತಾರೀಖು ಇರಲಿ: 2025ರ ಜನವರಿ 5ರಿಂದ ಸಾರಿಗೆ ನಿಗಮಗಳ ಬಸ್ ದರ ಶೇ 15 ಏರಿದ್ದರಿಂದ ಅದಕ್ಕೆ ಮುಂಚಿನ ಲೆಕ್ಕವೆಲ್ಲ ಅಂದೇ ಹಳತಾಯಿತು, ತಾರೀಖಿಲ್ಲದ ಲೆಕ್ಕ ದಾರಿ ತಪ್ಪಿಸುತ್ತದೆ. ಒಟ್ಟು ಮೊತ್ತದ ಬದಲು ಬಸ್ಸು, ಕೋಣೆ, ಊಟ, ಪ್ರವೇಶ ಶುಲ್ಕಗಳು ಬಿಡಿಬಿಡಿಯಾಗಿರಲಿ. ಹೋಗುವ ಬಸ್ಸಿನಷ್ಟೇ ಖಚಿತವಾಗಿ ಮರಳುವ ಕೊನೆಯ ಬಸ್ಸಿನ ವೇಳೆಯಿರಲಿ. ಕೋಣೆ ಯಾಕೆ ಅಗ್ಗ ಎಂಬುದಕ್ಕೆ ಉತ್ತರ ಇರಲಿ. ಎಲ್ಲಿ ಬಸ್ಸು ನಿಂತಿದೆ, ಎಲ್ಲಿ ಛತ್ರ ಮದುವೆ ಮಂಟಪವಾಗಿ ಮಾತ್ರ ಉಳಿದಿದೆ, ಎಲ್ಲಿ ಡಾರ್ಮಿಟರಿಗೆ ಬೀಗ ಬಿದ್ದಿದೆ ಎಂಬುದೂ ಬರಲಿ. ಅದು ದೂರು ಮಾತ್ರವಲ್ಲ, ಬೇಡಿಕೆಯ ಮೊದಲ ಹೆಜ್ಜೆ. ಬೇಡಿಕೆಗಳೂ ದುಬಾರಿಯವೇನಲ್ಲ. ತಾಲ್ಲೂಕು ಬಸ್ ನಿಲ್ದಾಣದಲ್ಲಿ ಓದಲು ಬರುವ ವೇಳಾಪಟ್ಟಿ, ಪ್ರವಾಸಿ ಊರುಗಳಲ್ಲಿ ಸಾಮಾನು ಇಡುವ ಕೋಣೆ, ರಜೆಯಲ್ಲಿ ಖಾಲಿಯಿರುವ ಸರ್ಕಾರಿ ವಸತಿ ನಿಲಯಗಳಲ್ಲಿ ದರ ಕಟ್ಟಿದ ಹಾಸಿಗೆ, ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಲ್ಲಿ ಅಧಿಕಾರಿಗಳು ಇಲ್ಲದ ದಿನ ಸಾಮಾನ್ಯರಿಗೂ ಸರಳವಾಗಿ ಸಿಗುವ ಕೋಣೆ.

ಊರು ನೋಡುವ ಹಕ್ಕು ಸಂಬಳದ ಮೇಲೆ ನಿಲ್ಲಬಾರದು ಎಂದು ನಂಬುವವರಿಗೆ ಅಗ್ಗದ ಪ್ರಯಾಣ ಒಂದು ಹವ್ಯಾಸ ಮಾತ್ರವಲ್ಲ, ಸಮಾನತೆಯ ಪ್ರಶ್ನೆ. ಆ ಸಮಾನತೆಯನ್ನು ಬಸ್ಸು, ರೈಲು, ಛತ್ರಗಳು ಇಷ್ಟು ದಿನ ಹೊತ್ತು ತಂದಿವೆ, ಒಳಗುಟ್ಟುಗಳಲ್ಲ. ಗುಟ್ಟು ಬಲ್ಲವನು ತಾನೊಬ್ಬ ಉಳಿಸುತ್ತಾನೆ. ನಿಯಮ ತಿಳಿಸಿದವನು ಓದಿದವರಿಗೆಲ್ಲ ಉಳಿಸುತ್ತಾನೆ. ನಿಂತ ಬಸ್ಸನ್ನು ಮತ್ತೆ ಬಿಡಿಸಿಕೊಂಡ ಊರಿನವರು ಇನ್ನೂ ಹುಟ್ಟದ ಪ್ರಯಾಣಿಕನಿಗೂ ಉಳಿಸುತ್ತಾರೆ. ಸಲಹೆ ಹಂಚುವವರು ತಮ್ಮ ಶ್ರಮವನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕೆಂದು ತೀರ್ಮಾನಿಸಲಿ. ಮೊದಲನೆಯದನ್ನು ಬಿಟ್ಟುಕೊಡುವುದರಲ್ಲಿ ಯಾರಿಗೂ ನಷ್ಟವಿಲ್ಲ.